ನೀರು ಬೆರೆಸಿದ ಮೇಲೆ ದಿನ ಎಣಿಸಬೇಕು

ನಮ್ಮ ಪ್ರಾಯದವರಲ್ಲಿ ಇಂಗ್ಲಿಷ್ ಹಾಡು ಕೇಳುವ ಅಭ್ಯಾಸ ಇದ್ದವರಿಗೆ ಗನ್ಸ್ ಎನ್ ರೋಸಸ್ ಎಂಬ ಹೆಸರು ಹೊಸದಲ್ಲ. ಹಾಡು ಕೇಳದವರೂ ತಲೆಗೆ ಬಟ್ಟೆ ಕಟ್ಟಿದ ಗಾಯಕ, ಕರಿ ಟೋಪಿಯ ಕೆಳಗೆ ಮುಖ ಮುಚ್ಚುವಷ್ಟು ಗುಂಗುರು ಕೂದಲು ಬಿಟ್ಟ ಗಿಟಾರ್ ವಾದಕ ಇರುವ ಟೀ ಶರ್ಟ್ ನೋಡಿರುತ್ತೀರಿ. ಅಮೆರಿಕದ ಲಾಸ್ ಏಂಜಲೀಸ್‌ನ ಈ ತಂಡ ಒಂದು ಆಲ್ಬಮ್ ಮಾಡಲು ಹೋಗಿ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಕಳೆಯಿತು. ಸಂಗೀತದ ಗಂಧ ಇಲ್ಲದವರೂ ಆ ಕತೆಯನ್ನು ಒಮ್ಮೆ ಕೇಳಬೇಕು. ಊರು ಬಿಟ್ಟು ಬಂದ ನಮಗಂತೂ ಅದರಲ್ಲಿ ತಿಳಿಯಬೇಕಾದ್ದು ಬಹಳ ಇದೆ.

ತಂಡದ ಮೊದಲ ಆಲ್ಬಮ್ ಬಂದದ್ದು 1987ರ ಜುಲೈಯಲ್ಲಿ. ಕೈಯಲ್ಲಿ ಕಾಸಿಲ್ಲದ ಐದು ಮಂದಿ ಹುಡುಗರು ಆ ವರ್ಷದ ಮೊದಲ ಆರು ತಿಂಗಳಲ್ಲಿ ಧ್ವನಿಮುದ್ರಣ ಮುಗಿಸಿದರು. ಅದು ಕೋಟಿಗಟ್ಟಲೆ ಪ್ರತಿ ಮಾರಾಟವಾಯಿತು. 1991ರಲ್ಲಿ ಒಂದೇ ದಿನ ಎರಡು ಆಲ್ಬಮ್ ಬಿಟ್ಟರು. 1993ರಲ್ಲಿ ಬೇರೆಯವರ ಹಾಡುಗಳನ್ನು ಹಾಡಿದ ಒಂದು ಆಲ್ಬಮ್ ಬಂತು. ಅದಾದ ಮೇಲೆ ಸ್ವಂತ ಹಾಡುಗಳ ಹೊಸ ಆಲ್ಬಮ್ 'ಚೈನೀಸ್ ಡೆಮಾಕ್ರಸಿ' ಬಿಡುಗಡೆಯಾದದ್ದು 2008ರ ನವೆಂಬರ್ 23ರಂದು. 1991ರಲ್ಲಿ ಶಾಲೆಗೆ ಸೇರಿದ ಮಗು ಅಷ್ಟರಲ್ಲಿ ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿಯಾಗಿತ್ತು.

ಈ ನಡುವೆ ಆದದ್ದೇನು? ಗಾಯಕ ಆಕ್ಸಲ್ ರೋಸ್‌ಗೆ ಯಾವುದೂ ಸಾಕೆನಿಸಲಿಲ್ಲ. ಗಿಟಾರ್ ವಾದಕ ಸ್ಲ್ಯಾಶ್ 1996ರಲ್ಲಿ ತಂಡ ಬಿಟ್ಟ. ಮರುವರ್ಷ ಬೇಸ್ ಗಿಟಾರಿನ ಡಫ್ ಮಕೇಗನ್ ಹೊರಟ. 1991ರ ಆಲ್ಬಮ್‌ಗಳಲ್ಲಿ ದುಡಿದವರ ಪೈಕಿ ಆಕ್ಸಲ್ ಬಿಟ್ಟರೆ ಕೊನೆಯವರೆಗೂ ಉಳಿದದ್ದು ಕೀಬೋರ್ಡ್ ನುಡಿಸುವ ಡಿಜ್ಜಿ ರೀಡ್ ಒಬ್ಬನೇ. ಹೊಸಬರು ಬಂದರು, ಅವರಲ್ಲೂ ಕೆಲವರು ಹೋದರು. ನಿರ್ಮಾಪಕರು ಒಬ್ಬರ ಹಿಂದೆ ಒಬ್ಬರು ಬದಲಾದರು. ಜಾಶ್ ಫ್ರೀಸ್ ಎಂಬ ಡ್ರಮ್ ವಾದಕ ನುಡಿಸಿ ಮುಗಿಸಿದ್ದನ್ನು ಇನ್ನೊಬ್ಬ ವಾದಕನಿಂದ ಪೆಟ್ಟಿಗೆ ಪೆಟ್ಟು ಹಾಗೆಯೇ ಮತ್ತೆ ನುಡಿಸಿದರು. ಖರ್ಚು ಏರುತ್ತಾ ಹೋಯಿತು. 2004ರಲ್ಲಿ ಕಂಪನಿ ಇನ್ನು ಹಣ ಕೊಡುವುದಿಲ್ಲ ಎಂದು ಕೈ ತೊಳೆದುಕೊಂಡಿತು. ಖರ್ಚು 1 ಕೋಟಿ 30 ಲಕ್ಷ ಡಾಲರ್ ಆಗಿದೆ ಎಂದು 2005ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಆಗಲೂ ಆಲ್ಬಮ್ ಬಂದಿರಲಿಲ್ಲ.

ಕೊನೆಕೊನೆಗೆ ಇದು ನಗೆಪಾಟಲಾಯಿತು. 2008ರೊಳಗೆ ಆಲ್ಬಮ್ ಬಂದರೆ ಅಮೆರಿಕದ ಪ್ರತಿಯೊಬ್ಬರಿಗೂ ಒಂದು ಕ್ಯಾನ್ ಪುಕ್ಕಟೆ ಎಂದು ಡಾಕ್ಟರ್ ಪೆಪ್ಪರ್ ಎಂಬ ತಂಪು ಪಾನೀಯದ ಕಂಪನಿ ಘೋಷಿಸಿತು. ತಂಡ ಬಿಟ್ಟ ಸ್ಲ್ಯಾಶ್‌ಗೂ ಬಕೆಟ್‌ಹೆಡ್ ಎಂಬ ಇನ್ನೊಬ್ಬ ಗಿಟಾರ್ ವಾದಕನಿಗೂ ಮಾತ್ರ ಇಲ್ಲವಂತೆ! ಆಲ್ಬಮ್ ಬಂದೇಬಿಟ್ಟಿತು, ಕಂಪನಿ ಮಾತು ಉಳಿಸಿಕೊಳ್ಳಲು ಪರದಾಡಬೇಕಾಯಿತು.

ಅದು ಕೆಟ್ಟ ಆಲ್ಬಮ್ ಏನಲ್ಲ. ಒಳ್ಳೆಯ ಹಾಡುಗಳಿವೆ, ದುಡಿಮೆ ಎದ್ದು ಕಾಣುತ್ತದೆ. ಆದರೆ ಅದರ ಕೆಲವು ಹಾಡುಗಳನ್ನು ಆಕ್ಸಲ್ 2001ರ ಜನವರಿಯಲ್ಲಿಯೇ ಬ್ರೆಜಿಲ್‌ನ ರಿಯೊದಲ್ಲಿ ಭಾರೀ ಜನಸಾಗರದ ಮುಂದೆ ಹಾಡಿದ್ದ. ಹಾಡು ಇತ್ತು, ಹಾಡುಗಾರ ಇದ್ದ, ಕೇಳುವವರು ಇದ್ದರು. ಮತ್ತೆ ಏಳು ವರ್ಷ ಹತ್ತು ತಿಂಗಳು ಯಾತಕ್ಕೆ ಬೇಕಾಯಿತು? ಆಲ್ಬಮ್ ಕೈಗೆ ಬರುವ ಹೊತ್ತಿಗೆ ಕ್ಯಾಸೆಟ್ ಕಾಲ ಮುಗಿದು, ಸಿಡಿ ಅಂಗಡಿಗಳೂ ಬಾಗಿಲು ಹಾಕುತ್ತಿದ್ದವು. ಆ ತಂಡ 2012ರ ಡಿಸೆಂಬರ್‌ನಲ್ಲಿ ಬೆಂಗಳೂರಿಗೂ ಬಂತು. ಜನ ಸೇರಿದರು, ಆದರೆ ವೇದಿಕೆಯಲ್ಲಿ ಸ್ಲ್ಯಾಶ್ ಇರಲಿಲ್ಲ.

ನಮ್ಮ ಅಭಿಪ್ರಾಯ ಇಷ್ಟೇ: ತಡವಾದಾಗ ಮೊದಲು ಕಳೆದುಹೋಗುವುದು ಹಣವಲ್ಲ, ಜತೆಯಲ್ಲಿದ್ದವರು.

ಔಷಧ ವಿಭಾಗದಲ್ಲಿ ದುಡಿಯುವ ನಮಗೆ ಇದು ದಿನನಿತ್ಯದ ಪಾಠ. ಮಕ್ಕಳಿಗೆ ಕೊಡುವ ಆಂಟಿಬಯಾಟಿಕ್ ಸಿರಪ್ ಪುಡಿಯ ರೂಪದಲ್ಲಿ ಬರುತ್ತದೆ. ಪುಡಿಯಾಗಿ ಇರುವಷ್ಟು ಕಾಲ ಅದು ವರ್ಷಗಟ್ಟಲೆ ಕೆಡುವುದಿಲ್ಲ. ನೀರು ಬೆರೆಸಿದ ಮೇಲೆ ಮಾತ್ರ ಲೆಕ್ಕ ಬೇರೆ: ಕೆಲವಕ್ಕೆ ಏಳು ದಿನ, ಕೆಲವಕ್ಕೆ ಹತ್ತು, ಹದಿನಾಲ್ಕು ದಿನ. ಡಬ್ಬದ ಮೇಲೆ ಎರಡು ವರ್ಷ ಮುಂದಿನ ತಾರೀಕು ಇದ್ದರೂ ಆಮೇಲೆ ಅದನ್ನು ನಂಬುವಂತಿಲ್ಲ. ಬೆರೆಸಿದ ದಿನವನ್ನು ನಾವು ಬಾಟಲಿಯ ಮೇಲೆ ಬರೆದುಕೊಡುತ್ತೇವೆ. ಮನಸ್ಸಿನಲ್ಲಿ ಇರುವಷ್ಟು ದಿನ ಯಾವ ಯೋಜನೆಯೂ ಪುಡಿಯ ಹಾಗೆ. ನಾಲ್ಕು ಜನರನ್ನು ಕರೆದು, ಮಾತು ಕೊಟ್ಟು, ಕೆಲಸ ಶುರು ಮಾಡಿದಿರೋ, ನೀರು ಬೆರೆಸಿದ ಹಾಗೆ.

ಹಾಗಾದರೆ ಅವಸರ ಮಾಡಬೇಕೇ ಎಂದು ಕೇಳಬಹುದು. ಖಂಡಿತ ಅಲ್ಲ. ಡೋಸ್ ಎರಡು ಸಲ ನೋಡದೆ ನಾವು ಔಷಧ ಕೊಡುವುದಿಲ್ಲ. ಕಾದು ಗೆದ್ದವರೂ ಇದ್ದಾರೆ. ಬಾಸ್ಟನ್ ಎಂಬ ಇನ್ನೊಂದು ಅಮೆರಿಕನ್ ತಂಡದ ಎರಡನೆಯ ಆಲ್ಬಮ್ 1978ರಲ್ಲಿ ಬಂತು, ಮೂರನೆಯದು ಬಂದದ್ದು 1986ರಲ್ಲಿ. ತಂಡದ ಟಾಮ್ ಶೋಲ್ಜ್ ಓದಿನಿಂದ ಎಂಜಿನಿಯರ್. ಎರಡನೆಯ ಆಲ್ಬಮ್ ಅವಸರದಲ್ಲಿ ಹೊರಗೆ ಹೋಯಿತೆಂಬ ಕೊರಗು ಅವನಿಗಿತ್ತು. ಮೂರನೆಯದಕ್ಕೆ ತನ್ನದೇ ಸ್ಟುಡಿಯೊದಲ್ಲಿ ಕುಳಿತ. ಕಂಪನಿ ಕೋರ್ಟಿಗೆ ಎಳೆದರೂ ಬಗ್ಗಲಿಲ್ಲ. ಬಿಡುಗಡೆಯಾದಾಗ ಆಲ್ಬಮ್ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಅಲ್ಲೂ ಹಳೆಯ ಗೆಳೆಯರಲ್ಲಿ ಹೆಚ್ಚಿನವರು ಉಳಿದಿರಲಿಲ್ಲ ನಿಜ. ಆದರೆ ಜನ ಕಾಯುತ್ತಿದ್ದ ಕಂಠ, ಗಾಯಕ ಬ್ರಾಡ್ ಡೆಲ್ಪ್, ಜತೆಗೇ ಇದ್ದ. ಎಷ್ಟು ವರ್ಷ ಕಾದಿರಿ ಎನ್ನುವುದಕ್ಕಿಂತ, ಯಾರಿಲ್ಲದಿದ್ದರೆ ಈ ಕೆಲಸಕ್ಕೆ ಅರ್ಥವಿಲ್ಲವೋ ಅವರನ್ನು ಉಳಿಸಿಕೊಂಡು ಕಾದಿರಾ ಎನ್ನುವುದು ಮುಖ್ಯ.

ಈಗ ನಮ್ಮ ಕಡೆಗೆ ಬರೋಣ. 'ಇನ್ನೆರಡು ವರ್ಷ' ಎನ್ನುವ ಮಾತು ಗಲ್ಫ್‌ನಲ್ಲಿ ಇರುವ ನಮ್ಮೆಲ್ಲರ ಬಾಯಲ್ಲೂ ಇದೆ. ಊರಲ್ಲಿ ಮನೆಗೆ ಪಂಚಾಂಗ ಹಾಕಿಸುತ್ತೇವೆ. ಒಂದು ರಜೆಯಲ್ಲಿ ಗೋಡೆ, ಮುಂದಿನ ರಜೆಯಲ್ಲಿ ಸ್ಲ್ಯಾಬ್. ಅಷ್ಟರಲ್ಲಿ ಪಕ್ಕದವರು ಎರಡು ಅಂತಸ್ತು ಕಟ್ಟಿಸಿರುತ್ತಾರೆ, ನಮಗೂ ಮೇಲೊಂದು ಬೇಕೆನಿಸುತ್ತದೆ. ಆಮೇಲೆ ಗ್ರಾನೈಟ್, ಆಮೇಲೆ ಗೇಟು. ಇದೇನು ದುರಾಸೆಯಲ್ಲ. ಇಷ್ಟು ವರ್ಷ ಬಿಸಿಲಲ್ಲಿ ಬೆಂದದ್ದಕ್ಕೆ ಒಂದು ಗುರುತು ಬೇಕೆಂಬ ಆಸೆ, ನ್ಯಾಯವಾದದ್ದೇ. ಆದರೆ ಅಮ್ಮನನ್ನು ಕೂರಿಸಿ ಹಾಲು ಉಕ್ಕಿಸಬೇಕೆಂದು ಶುರು ಮಾಡಿದ ಮನೆಯಲ್ಲಿ, ಗೃಹಪ್ರವೇಶದ ದಿನ ಅಮ್ಮ ಗೋಡೆಯ ಮೇಲಿನ ಫೋಟೊ ಆಗಿರುವುದನ್ನು ನಮ್ಮಲ್ಲಿ ಎಷ್ಟು ಜನ ಕಂಡಿಲ್ಲ? ಮಕ್ಕಳಿಗೆಂದು ಕಟ್ಟಿದ ಕೋಣೆಗೆ ಮಕ್ಕಳು ಬರುವಾಗ ಅವರು ಬೇರೆ ಊರಿನ ಹಾಸ್ಟೆಲಿನಿಂದ ಅತಿಥಿಗಳ ಹಾಗೆ ಬರುತ್ತಾರೆ.

ಸಂಬಳ ಹಿಡಿದಿಟ್ಟ ಕಂಪನಿ, ಸಿಗದ ರಜೆ, ತೀರದ ಸಾಲ ಇವುಗಳಿಂದ ಆಗುವ ವಿಳಂಬ ನಮ್ಮ ಕೈಯಲ್ಲಿಲ್ಲ. ಅದಕ್ಕಾಗಿ ಯಾರೂ ಯಾರನ್ನೂ ದೂರಬಾರದು. ನಾವು ಹೇಳುತ್ತಿರುವುದು 'ಇನ್ನೂ ಸ್ವಲ್ಪ ಚೆನ್ನಾಗಿ ಆಗಲಿ' ಎಂದು ನಾವೇ ಮುಂದೂಡುವುದನ್ನು. ಆಕ್ಸಲ್ ರೋಸ್‌ನನ್ನು ಕಟ್ಟಿಹಾಕಿದ್ದು ಬಡತನವಲ್ಲ, ಆ 'ಇನ್ನೂ ಸ್ವಲ್ಪ'.

ನಿಮ್ಮ ಕೈಯಲ್ಲಿರುವ ಈ ಸಂಚಿಕೆಯನ್ನೇ ನೋಡಿ. ಎಲ್ಲೋ ಒಂದು ಕಾಗುಣಿತ ತಪ್ಪಿರಬಹುದು, ಒಂದು ಫೋಟೊ ಮಸುಕಾಗಿರಬಹುದು. ಆದರೂ ಡ್ಯೂಟಿ ಮುಗಿಸಿ ರಾತ್ರಿ ಕುಳಿತವರು ಇದನ್ನು ವರ್ಷಕ್ಕೊಮ್ಮೆ ತರುತ್ತಾರೆ, ಏಕೆಂದರೆ ಸಮಾರಂಭದ ತಾರೀಕು ಮೊದಲೇ ನಿಂತಿರುತ್ತದೆ. ಎಲ್ಲವೂ ಸರಿಯಾಗಲಿ ಎಂದು ಕಾದಿದ್ದರೆ, ಬರೆದವರಲ್ಲಿ ಕೆಲವರು ಅಷ್ಟರಲ್ಲಿ ವೀಸಾ ಮುಗಿಸಿ ಊರಿಗೆ ಹೋಗಿಬಿಟ್ಟಿರುತ್ತಿದ್ದರು.

ಅಂದಹಾಗೆ ಸ್ಲ್ಯಾಶ್ ಮತ್ತು ಡಫ್ 2016ರಲ್ಲಿ ತಂಡಕ್ಕೆ ಮರಳಿದರು, 2017ರಲ್ಲಿ ದುಬೈಗೂ ಬಂದು ನುಡಿಸಿದರು. ಮುನಿಸಿಕೊಂಡು ಹೋದ ಗೆಳೆಯರು ಇಪ್ಪತ್ತು ವರ್ಷದ ಮೇಲೂ ಬರಬಹುದು. ವಯಸ್ಸಾದ ತಂದೆ ತಾಯಿ, ಬೆಳೆದುಹೋದ ಮಕ್ಕಳ ಬಾಲ್ಯ ಹಾಗೆ ಬರುವುದಿಲ್ಲ. ಆದ್ದರಿಂದ ಮುಂದಿನ ರಜೆಗೆ ಟಿಕೆಟ್ ತೆಗೆಯುವ ಮೊದಲು ನಮ್ಮ ನಮ್ಮ ಬಾಟಲಿಯ ಮೇಲೊಂದು ತಾರೀಕು ಬರೆದುಕೊಳ್ಳೋಣ. ಒಂದೇ ಅಂತಸ್ತಾದರೂ ಸರಿ, ಬಣ್ಣ ಬಾಕಿ ಇದ್ದರೂ ಸರಿ, ಆ ದಿನ ಹಾಲು ಉಕ್ಕಲಿ.