ಮೆದುಳಿನ ಚಿತ್ರವೂ ಹುಡುಗನ ಹಣೆಬರಹವೂ

ಮೆದುಳಿನ ಚಿತ್ರವೊಂದನ್ನು ಮುಂದಿಟ್ಟು, ‘ಇಗೋ, ಈ ಹುಡುಗನು ಜನ್ಮತಃ ದುಷ್ಟನು’ ಎಂದು ಸಾರುವ ಪಂಡಿತಮ್ಮನ್ಯರು ಈಗ ಹೆಚ್ಚಾಗಿದ್ದಾರೆ. ಹಿಂದಿನವರು ಹಣೆಬರಹವೆಂದುದನ್ನೇ ಇವರು ಎರಡಂಗುಲ ಒಳಕ್ಕೆ ಸರಿಸಿ ಶಾಸ್ತ್ರವೆನ್ನುತ್ತಿರುವರು. ಸುಶಿಕ್ಷಿತರೂ ತಲೆದೂಗುತ್ತಿರುವುದರಿಂದ ಸುಮ್ಮನಿರುವುದು ಯುಕ್ತವಲ್ಲ.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ಹೇಳೋಣ. ಪರರ ನೋವಿಗೆ ಮರುಗದ, ತಪ್ಪೆಸಗಿಯೂ ಅಳುಕದ ಸ್ವಭಾವಕ್ಕೆ ಸೈಕೋಪತಿಯೆಂದು ಹೆಸರು. ಅಮೆರಿಕದ ವೈದ್ಯರಾದ ಹರ್ವಿ ಕ್ಲೆಕ್ಲಿಯವರು 1941ರಲ್ಲಿ ಇದನ್ನು ವಿಸ್ತಾರವಾಗಿ ವರ್ಣಿಸಿದರು. ಇಂಥ ಲಕ್ಷಣಗಳುಳ್ಳ ಹದಿಹರೆಯದವರಿಗೆ ಭೀತಿಗೊಂಡ ಮುಖವನ್ನು ತೋರಿಸಿದಾಗ, ಅಮಿಗ್ಡಲವೆಂಬ ಮೆದುಳಿನ ಭಾಗವು ಇತರ ಮಕ್ಕಳಲ್ಲಿ ಸ್ಪಂದಿಸುವಷ್ಟು ಸ್ಪಂದಿಸದೆಂದು ಹಲವು ಪರೀಕ್ಷೆಗಳಲ್ಲಿ ಕಂಡಿದೆ. ಇದು ಸುಳ್ಳಲ್ಲ. ಆದರೆ ಕಾರಣವೇನು? ವಿಸ್ಕಾನ್ಸಿನ್ನಿನ ಜೋಸೆಫ್ ನ್ಯೂಮನ್ ಅವರ ಮತದಲ್ಲಿ ದೋಷವಿರುವುದು ಅವಧಾನದಲ್ಲಿ; ಒಂದು ಗುರಿಯಲ್ಲಿ ನೆಟ್ಟ ಮನಸ್ಸು ಪಕ್ಕದ ಸೂಚನೆಯನ್ನು ಗ್ರಹಿಸದು. ಜೇಮ್ಸ್ ಬ್ಲೇರ್ ಮೊದಲಾದವರು ಭಾವವೇ ಮಂದವೆನ್ನುತ್ತಾರೆ. ಅವರ ಬಳಗವು 2012ರಲ್ಲಿ ಪ್ರಕಟಿಸಿದ ಪರೀಕ್ಷೆಯೂ ಈ ಎರಡನೆಯ ಪಕ್ಷಕ್ಕೇ ಒಲಿಯಿತು. ವಿದ್ವಾಂಸರಲ್ಲಿಯೇ ತೀರದ ವಾದವನ್ನು ಇವರು ತೀರ್ಪೆಂದು ಸಾರುವುದೇಕೆ?

ಇನ್ನೊಂದು ಪರೀಕ್ಷೆಯನ್ನಂತೂ ಇವರು ಎತ್ತುವುದೇ ಇಲ್ಲ. 2006ರಲ್ಲಿ ಆಸ್ಟ್ರೇಲಿಯಾದ ಮಾರ್ಕ್ ಡಾಡ್ಸ್ ಮತ್ತು ಸಂಗಡಿಗರು ಪ್ರಕಟಿಸಿದುದು ಇದು: ಮುಖದಲ್ಲಿಯ ಭೀತಿಯನ್ನು ಗುರುತಿಸುವುದರಲ್ಲಿ ಹಿಂದುಳಿದಿದ್ದ ಹುಡುಗರು, ‘ಕಣ್ಣುಗಳನ್ನು ನೋಡು’ ಎಂದೊಡನೆ ಚೆನ್ನಾಗಿ ಗುರುತಿಸಿದರು! ಗುಣವು ತಾತ್ಕಾಲಿಕವೇ ನಿಜ. ಆದರೂ ಒಂದು ಮಾತಿನಿಂದ ತಿರುಗಬಲ್ಲ ದೃಷ್ಟಿಯನ್ನು ಕಲ್ಲೆನ್ನಬಹುದೆ? ಮೂವತ್ತು ವರ್ಷ ‘ಇತ್ತ ನೋಡೋ’ ಎನ್ನುತ್ತಲೇ ಸವೆದ ಉಪಾಧ್ಯಾಯನಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು.

ಹೊಗೆಯಿಂದ ಬೆಂಕಿಯನ್ನು ಊಹಿಸಬೇಕಾದರೆ ವ್ಯಾಪ್ತಿಯು ಸಿದ್ಧವಾಗಿರಬೇಕು. ಇಲ್ಲಿರುವುದು ಗುಂಪು ಗುಂಪುಗಳ ಸರಾಸರಿಯ ಅಂತರ ಮಾತ್ರ. ಅದರಿಂದ ನಿಮ್ಮ ಮನೆಯ ಒಬ್ಬ ಹುಡುಗನನ್ನು ನಿರ್ಣಯಿಸುವುದು ಶುದ್ಧ ಹೇತ್ವಾಭಾಸವು. ಆ ಯಂತ್ರವು ಅಳೆಯುವುದೂ ರಕ್ತದಲ್ಲಿಯ ಆಮ್ಲಜನಕದ ವ್ಯತ್ಯಾಸವನ್ನೇ ಹೊರತು ಪಾಪಪುಣ್ಯಗಳನ್ನಲ್ಲ. ಹದಿನೆಂಟು ತುಂಬದವರಿಗೆ ಸಮಾಜವಿರೋಧಿ ವ್ಯಕ್ತಿತ್ವವೆಂಬ ರೋಗನಾಮವನ್ನು ಹಚ್ಚಬಾರದೆಂದು ಅಮೆರಿಕದ ಮನೋವೈದ್ಯರೇ ನಿಯಮ ಮಾಡಿಕೊಂಡಿದ್ದಾರೆ. ಅವರಿಗಿಲ್ಲದ ಅವಸರ ನಮಗೇತಕ್ಕೆ?

‘ಇವರನ್ನು ತಿದ್ದಲಾಗದು’ ಎಂಬುದು ಇವರ ಕೊನೆಯ ಬಾಣ. ವಿಸ್ಕಾನ್ಸಿನ್ನಿನ ಮ್ಯಾಡಿಸನ್ನಿನಲ್ಲಿ 1995ರಲ್ಲಿ ತೆರೆದ ಮೆಂಡೋಟ ಚಿಕಿತ್ಸಾಕೇಂದ್ರಕ್ಕೆ, ಬಾಲಾಪರಾಧಿಗಳ ಬಂಧೀಖಾನೆಗಳು ಕೈಚೆಲ್ಲಿದ ಹುಡುಗರನ್ನೇ ಕಳುಹಿಸುತ್ತ ಬಂದರು. ಅಲ್ಲಿ ದಂಡನೆಯನ್ನು ಬೆಳೆಸದೆ, ದಿನದಿನದ ಸನ್ನಡತೆಗೆ ಅಂದಂದೇ ಬಹುಮಾನವಿತ್ತು ನಡೆಸಿದರು. ಬಿಡುಗಡೆಯಾದ ಮೇಲೆ ಅವರ ಹಿಂಸಾಪರಾಧಗಳು, ಅಂಥ ಚಿಕಿತ್ಸೆ ದೊರೆಯದವರಿಗಿಂತ ಬಹಳ ಕಡಮೆಯಾದುವು. ನಮ್ಮ ಪಂಡಿತರು ಮೊದಲು ಈ ಹುಡುಗರಿಗೆ ಉತ್ತರ ಹೇಳಲಿ.