ಅಸಲು ಪತ್ರಗಳು ಕೈಯಲ್ಲಿರಲಿ

ಕಳೆದ ಭಾನುವಾರ ಅಕ್ಕನ ಮನೆಗೆ ಹೋದಾಗ ಭಾವನವರು ನಡುಮನೆಯ ಮೇಜಿನ ಮೇಲೆ ಚೆಕ್ಕು ಪುಸ್ತಕವನ್ನು ಬಿಚ್ಚಿಟ್ಟುಕೊಂಡು ಕುಳಿತಿದ್ದರು. ಪಕ್ಕದಲ್ಲಿ ಯಾವುದೋ ಕಾಲೇಜಿನ ಬಣ್ಣಬಣ್ಣದ ಪರಿಚಯ ಪುಸ್ತಿಕೆ. ಈ ವರ್ಷ ಬಿ.ಕಾಂ. ಮುಗಿಸಿದ ಅಕ್ಕನ ಮಗಳು ಅಡುಗೆಮನೆಯ ಬಾಗಿಲಿಗೆ ಒರಗಿ, ಮುಖ ಊದಿಸಿಕೊಂಡು ನಿಂತಿದ್ದಳು.

“ಬಾರಯ್ಯ, ಸರಿಯಾದ ಹೊತ್ತಿಗೆ ಬಂದೆ” ಎಂದರು ಭಾವ. “ಕಾಲೇಜಿನವರು ತಾವಾಗಿಯೇ ಫೋನು ಮಾಡಿ ಎಂ.ಬಿ.ಎ. ಸೀಟು ಕೊಡುತ್ತೇವೆ ಎನ್ನುತ್ತಿದ್ದಾರೆ. ಶನಿವಾರದೊಳಗೆ ಐವತ್ತು ಸಾವಿರ ಕಟ್ಟಿ, ಅಸಲು ಅಂಕಪಟ್ಟಿಗಳನ್ನು ಒಪ್ಪಿಸಿಬಿಟ್ಟರೆ ಸೀಟು ಭದ್ರವಂತೆ. ಇವಳು ನೋಡಿದರೆ ಸರ್ಕಾರದ ಪರೀಕ್ಷೆಯ ಫಲಿತಾಂಶ ಬರಲಿ ಎಂದು ಹಟ ಹಿಡಿದಿದ್ದಾಳೆ.”

“ಮಾವ, ಅಪ್ಪನಿಗೆ ನೀವೇ ಹೇಳಿ. ಒಂದು ತಿಂಗಳು ಕಾದರೆ ಏನು ಮುಳುಗಿಹೋಗುತ್ತದೆ?” ಎಂದಳು ಹುಡುಗಿ.

ಐವತ್ತು ಸಾವಿರದ ಮಾತು ಹಾಗಿರಲಿ. ಅಸಲು ಅಂಕಪಟ್ಟಿಯ ಮಾತು ಕೇಳಿ ನನಗೆ ನಮ್ಮ ಬೀದಿಯ ಹುಡುಗನೊಬ್ಬನ ನೆನಪಾಯಿತು. ತಂದೆ ನಿವೃತ್ತ ಉಪಾಧ್ಯಾಯರು. ಹೀಗೆಯೇ ಅವಸರಪಟ್ಟು ಒಂದು ಖಾಸಗಿ ಕಾಲೇಜಿನಲ್ಲಿ ಮುಂಗಡ ಕಟ್ಟಿ, ಪತ್ರಗಳನ್ನೆಲ್ಲ ಅಲ್ಲಿಯೇ ಬಿಟ್ಟು ಬಂದರು. ಕೆಲವು ವಾರಗಳ ಮೇಲೆ ಸರ್ಕಾರಿ ಹಂಚಿಕೆಯಲ್ಲಿ ಹುಡುಗನಿಗೆ ಒಳ್ಳೆಯ ಕಡೆ, ಕಡಿಮೆ ಶುಲ್ಕದಲ್ಲಿ ಸೀಟು ಬಂತು. ಸೇರಬೇಕಾದರೆ ಅಸಲು ಪತ್ರಗಳನ್ನು ತೋರಿಸಬೇಕು. ಮೊದಲ ಕಾಲೇಜಿನವರು, “ಎರಡು ವರ್ಷದ ಶುಲ್ಕ ಕಟ್ಟಿ ಪತ್ರ ತೆಗೆದುಕೊಂಡು ಹೋಗಿ” ಎಂದರು. ಮೇಷ್ಟರು ಮೂರು ದಿನ ಆ ಕಛೇರಿಯ ಬೆಂಚಿನ ಮೇಲೆ ಕುಳಿತರು. ಅಷ್ಟರಲ್ಲಿ ಗಡುವು ಮೀರಿತು, ಸೀಟು ಕೈಬಿಟ್ಟಿತು. ನಿಯಮವು ತಮ್ಮ ಪರವಾಗಿಯೇ ಇತ್ತೆಂಬುದು ಅವರಿಗೆ ತಿಳಿದದ್ದು ಆಮೇಲೆ.

ಆ ನಿಯಮವನ್ನು ಮೊದಲು ಹೇಳಿಬಿಡುತ್ತೇನೆ. ವಿದ್ಯಾರ್ಥಿಯ ಅಸಲು ಪ್ರಮಾಣಪತ್ರಗಳನ್ನು ಕಾಲೇಜು ಪರಿಶೀಲಿಸಿ ಹಿಂದಿರುಗಿಸಬೇಕೇ ಹೊರತು ತನ್ನಲ್ಲಿ ಇಟ್ಟುಕೊಳ್ಳುವಂತಿಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವೂ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತೂ ಇದನ್ನು ಸ್ಪಷ್ಟವಾಗಿ ವಿಧಿಸಿವೆ. ತರಗತಿಗಳು ಆರಂಭವಾಗುವ ಮುನ್ನ ವಿದ್ಯಾರ್ಥಿಯು ಸೀಟು ಬಿಟ್ಟರೆ, ಪರಿಷತ್ತಿನ ಮನ್ನಣೆ ಪಡೆದ ಸಂಸ್ಥೆಯು 1,000 ರೂಪಾಯಿಗೆ ಮೀರದ ವೆಚ್ಚವನ್ನು ಕಳೆದು ಉಳಿದ ಹಣವನ್ನು ಹಿಂದಿರುಗಿಸತಕ್ಕದ್ದು. ಆದುದರಿಂದ ಹಣ ಕಟ್ಟಲೇಬೇಕಾದ ಸಂದರ್ಭ ಬಂದರೂ ರಸೀತಿ ಪಡೆಯಿರಿ; ಅಸಲು ಪತ್ರಗಳನ್ನು ತೋರಿಸಿ, ಪ್ರತಿಗಳನ್ನು ಮಾತ್ರ ಕೊಟ್ಟು ಬನ್ನಿ.

ಇನ್ನು ಈ ವ್ಯಾಸಂಗಕ್ಕೆ ಸೇರುವ ದಾರಿ ಎಂತಹುದು? ಈ ಪದವಿ ಹುಟ್ಟಿದ್ದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ, 1908ರಲ್ಲಿ. ನಮ್ಮಲ್ಲಿ 1961ರಲ್ಲಿ ಕಲ್ಕತ್ತ ಮತ್ತು ಅಹಮದಾಬಾದುಗಳಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಸಂಸ್ಥೆಗಳು ಆರಂಭವಾದವು. ಬೆಂಗಳೂರಿನದು ಬಂದದ್ದು 1973ರಲ್ಲಿ. ಬಹುಕಾಲ ಈ ಸಂಸ್ಥೆಗಳು ಕೊಡುತ್ತಿದ್ದುದು ಸ್ನಾತಕೋತ್ತರ ಡಿಪ್ಲೊಮಾ ಮಾತ್ರ. 2017ರ ಕಾಯಿದೆಯ ಬಳಿಕ ಪದವಿಯನ್ನೇ ಕೊಡುವ ಅಧಿಕಾರ ಅವಕ್ಕೆ ದೊರೆಯಿತು. ಇಂದಿಗೂ ಅನೇಕ ಖಾಸಗಿ ಸಂಸ್ಥೆಗಳು ಕೊಡುವುದು ಡಿಪ್ಲೊಮಾವೇ. ಅದರಿಂದ ಕೀಳೇನೂ ಇಲ್ಲ. ಆದರೆ ಪರಿಷತ್ತಿನ ಮನ್ನಣೆ ಇದೆಯೇ, ಎಂ.ಬಿ.ಎ. ಪದವಿಗೆ ಸಮಾನವೆಂದು ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘವು ಒಪ್ಪಿದೆಯೇ ಎಂದು ವಿಚಾರಿಸದೆ ಸೇರಬಾರದು. ಮುಂದೆ ಸಂಶೋಧನೆಗೋ ಸರ್ಕಾರಿ ಕೆಲಸಕ್ಕೋ ಹೋಗುವಾಗ ಈ ಪ್ರಶ್ನೆ ಏಳುತ್ತದೆ.

ಮೇಲೆ ಹೇಳಿದ ರಾಷ್ಟ್ರೀಯ ಸಂಸ್ಥೆಗಳ ಬಾಗಿಲು ‘ಕ್ಯಾಟ್’ ಪರೀಕ್ಷೆ. ಯಾವುದೇ ವಿಷಯದ ಪದವಿಯಲ್ಲಿ ಶೇಕಡಾ 50 ಅಂಕಗಳಿರಬೇಕು. ಪರಿಶಿಷ್ಟ ಜಾತಿ, ಪಂಗಡಗಳವರಿಗೂ ಅಂಗವಿಕಲರಿಗೂ 45 ಸಾಕು. ಪದವಿಯ ಕೊನೆಯ ವರ್ಷದಲ್ಲಿರುವವರೂ ಕುಳಿತುಕೊಳ್ಳಬಹುದು. ಪರೀಕ್ಷೆ ನಡೆಯುವುದು ಸಾಮಾನ್ಯವಾಗಿ ನವೆಂಬರಿನ ಕೊನೆಯ ಭಾಗದಲ್ಲಿ. ಭಾಷೆ, ಅಂಕಿಅಂಶಗಳ ವಿವೇಚನೆ ಮತ್ತು ತರ್ಕ, ಗಣಿತ ಎಂದು ಮೂರು ಭಾಗಗಳು. ಒಂದೊಂದಕ್ಕೂ 40 ನಿಮಿಷ. ಆಯ್ಕೆಗಳನ್ನು ಕೊಟ್ಟಿರುವ ಪ್ರಶ್ನೆಗೆ ತಪ್ಪು ಉತ್ತರ ಗುರುತಿಸಿದರೆ ಒಂದು ಅಂಕ ಕಳೆಯುತ್ತಾರೆ. ಊಹೆಯ ಆಟ ಇಲ್ಲಿ ದುಬಾರಿ. ಬಳಿಕ ಸಂದರ್ಶನ, ಬರವಣಿಗೆಯ ಪರೀಕ್ಷೆ ಮೊದಲಾದವು. ಪರೀಕ್ಷೆಯಲ್ಲಿ ಬಂದ ಅಂಕವೊಂದೇ ಅಲ್ಲ. ಹತ್ತನೆಯ ತರಗತಿಯಿಂದ ಹಿಡಿದು ಹಿಂದಿನ ಸಾಧನೆ, ಕೆಲಸದ ಅನುಭವ ಇವನ್ನೂ ಅನೇಕ ಸಂಸ್ಥೆಗಳು ತೂಗಿ ನೋಡುತ್ತವೆ.

ನಮ್ಮ ರಾಜ್ಯದ ವಿದ್ಯಾರ್ಥಿಗಳಿಗೆ ಹತ್ತಿರದ ದಾರಿ, ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಪಿ.ಜಿ.ಸಿ.ಇ.ಟಿ. ಎರಡು ಗಂಟೆಗಳ ಅವಧಿ, 100 ಪ್ರಶ್ನೆಗಳು. ತಪ್ಪಿಗೆ ಅಂಕ ಕಳೆಯುವುದಿಲ್ಲ. ಇಲ್ಲಿ ಅನೇಕರು ಎಡವುವುದು ಪರೀಕ್ಷೆಯಲ್ಲಲ್ಲ, ಅದರ ಮುಂದಿನ ಎರಡು ಮೆಟ್ಟಿಲುಗಳಲ್ಲಿ.

ಮೊದಲನೆಯದು ದಾಖಲೆಗಳ ಪರಿಶೀಲನೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಪದವಿಯ ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿಗಳು, ವ್ಯಾಸಂಗ ಪ್ರಮಾಣಪತ್ರ ಇವು ಎಲ್ಲರಿಗೂ ಬೇಕು. ಮೀಸಲಾತಿ ಕೋರುವವರು ತಹಶೀಲ್ದಾರರು ಕೊಟ್ಟ ಜಾತಿ, ಆದಾಯ ಪತ್ರಗಳನ್ನೂ, ಗ್ರಾಮೀಣ ಅಥವಾ ಕನ್ನಡ ಮಾಧ್ಯಮದ ಸೌಲಭ್ಯ ಕೋರುವವರು ಶಾಲೆಯಿಂದ ಪಡೆದ ಪತ್ರಗಳನ್ನೂ ಒದಗಿಸಬೇಕು. ಓದಿದ ಶಾಲೆ ದೂರದ ಊರಿನಲ್ಲಿದ್ದರೆ ಈ ಓಡಾಟಕ್ಕೆ ವಾರಗಳೇ ಹಿಡಿಯುತ್ತವೆ. ಫಲಿತಾಂಶ ಬಂದಮೇಲೆ ನೋಡೋಣ ಎನ್ನದೆ, ಅರ್ಜಿ ಹಾಕಿದ ದಿನವೇ ಇದನ್ನು ಆರಂಭಿಸುವುದು ಲೇಸು.

ಎರಡನೆಯದು ಕಾಲೇಜುಗಳ ಪಟ್ಟಿ ಕೊಡುವುದು. ನಿಮಗೆ ಬೇಕಾದ ಕಾಲೇಜುಗಳನ್ನು ನಿಜವಾಗಿ ಬಯಸುವ ಕ್ರಮದಲ್ಲಿಯೇ ಬರೆಯಬೇಕು. ಸಿಕ್ಕುವುದಿಲ್ಲವೆಂದು ಒಳ್ಳೆಯದನ್ನು ಕೆಳಗಿಳಿಸಬಾರದು. ಸಿಕ್ಕಿದರೂ ಸೇರಲಾಗದ್ದನ್ನು ಬರೆಯಲೇಬಾರದು. ಸೀಟು ಹಂಚಿಕೆಯಾದ ಮೇಲೆ ಒಪ್ಪಿ ಸೇರುವುದೇ, ಒಪ್ಪಿಕೊಂಡು ಇನ್ನೂ ಉತ್ತಮವಾದುದಕ್ಕೆ ಕಾಯುವುದೇ, ಬಿಟ್ಟು ಮುಂದಿನ ಸುತ್ತಿಗೆ ನಿಲ್ಲುವುದೇ ಎಂದು ತಿಳಿಸಬೇಕಾಗುತ್ತದೆ. ಆಯಾ ವರ್ಷದ ಸೂಚನೆಯನ್ನು ಮನೆಮಂದಿಯೆಲ್ಲ ಕುಳಿತು ಓದಿ ತೀರ್ಮಾನಿಸಿ. ಗಡುವಿನ ಕೊನೆಯ ಗಳಿಗೆಯವರೆಗೆ ಕಾಯಬೇಡಿ.

“ಸೇರಿದ ಮೇಲಾದರೂ ನಿಶ್ಚಿಂತೆಯೇ?” ಎಂದು ಅಕ್ಕ ಕಾಫಿ ತಂದಿಡುತ್ತ ಕೇಳಿದಳು. ಎರಡು ವರ್ಷ, ನಾಲ್ಕು ಸೆಮಿಸ್ಟರು. ಹಾಜರಾತಿಗೆ ಸಾಮಾನ್ಯವಾಗಿ ಶೇಕಡಾ 75 ಅಥವಾ ಅದಕ್ಕೂ ಹೆಚ್ಚಿನ ಕಟ್ಟುಪಾಡು ಇರುತ್ತದೆ. ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಉದ್ಯಮ ಸಂಸ್ಥೆಯೊಂದರಲ್ಲಿ ಕೆಲವು ವಾರಗಳ ತರಬೇತಿ, ಮಾರ್ಗದರ್ಶಕರ ಸಹಿಯುಳ್ಳ ಯೋಜನಾ ವರದಿ ಇವೂ ಪದವಿಯ ಅಂಗಗಳೇ. ಈ ವರದಿಯನ್ನು ಹಣ ಕೊಟ್ಟು ಬರೆಸುವ, ಹಿಂದಿನವರದ್ದನ್ನು ನಕಲು ಮಾಡುವ ಕೆಟ್ಟ ರೂಢಿ ಕೆಲವು ಕಡೆ ಇದೆ. ಧನಸಹಾಯ ಆಯೋಗದ 2018ರ ನಿಯಮಾವಳಿಯ ಪ್ರಕಾರ ಪ್ರಬಂಧದಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಹೋಲಿಕೆ ಕಂಡುಬಂದರೆ ತಿದ್ದಿ ಮತ್ತೆ ಸಲ್ಲಿಸಬೇಕು. 40 ಮೀರಿದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ಮೀರಿದರೆ ನೋಂದಣಿಯೇ ರದ್ದಾಗುತ್ತದೆ.

ಕೊನೆಯದು ಹಣದ ಮಾತು. ಬ್ಯಾಂಕಿನ ವಿದ್ಯಾಸಾಲಕ್ಕೆ ಸಾಮಾನ್ಯವಾಗಿ ವ್ಯಾಸಂಗದ ಅವಧಿಯ ಮೇಲೆ ಒಂದು ವರ್ಷ ಕಂತಿನಿಂದ ಬಿಡುವು ಇರುತ್ತದೆ. ಆದರೆ ಬಡ್ಡಿಗೆ ಬಿಡುವಿಲ್ಲ. ಅದು ಮೊದಲ ದಿನದಿಂದಲೇ ಬೆಳೆಯುತ್ತದೆ. ಸಾಲಕ್ಕೆ ಸಹಿ ಹಾಕುವ ಮುನ್ನ, ಆ ಕಾಲೇಜಿನಿಂದ ಹೊರಬಿದ್ದ ಹಳೆಯ ವಿದ್ಯಾರ್ಥಿಗಳು ನಾಲ್ಕೈದು ಮಂದಿಯನ್ನು ಕಂಡು, ಏನು ಕೆಲಸ, ಎಷ್ಟು ಸಂಬಳ ಎಂದು ಸಂಕೋಚವಿಲ್ಲದೆ ಕೇಳಿ. ಪರಿಚಯ ಪುಸ್ತಿಕೆಯಲ್ಲಿ ಅಚ್ಚಾಗಿರುವ ಅತಿ ಹೆಚ್ಚಿನ ಸಂಬಳ ಒಬ್ಬನದು. ನಿಮ್ಮ ಲೆಕ್ಕಕ್ಕೆ ಬೇಕಾದುದು ನಡುವಿನವರದು.

ಭಾವನವರು ಎಲ್ಲವನ್ನೂ ಕೇಳಿ, ಮಾತಾಡದೆ ಚೆಕ್ಕು ಪುಸ್ತಕವನ್ನು ಮಡಿಸಿ ಬೀರುವಿನಲ್ಲಿಟ್ಟರು. “ಫಲಿತಾಂಶ ಬರಲಿ, ನೋಡೋಣ” ಎಂದರು. ಹುಡುಗಿ ಒಳಗೆ ಓಡಿ ತನ್ನ ಕಡತವನ್ನು ತಂದು ಮೇಜಿನ ಮೇಲೆ ಹರಡಿದಳು. ಒಂದೊಂದನ್ನೇ ನೋಡುತ್ತ ಬಂದ ಭಾವನವರು ತಟ್ಟನೆ ನಿಂತರು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಎರಡು ಇನಿಷಿಯಲ್ ಇದ್ದವು. ಪದವಿಯ ಅಂಕಪಟ್ಟಿಯಲ್ಲಿ ಒಂದೇ.

“ಇದನ್ನು ಇಷ್ಟು ದಿನ ಯಾರೂ ನೋಡಲಿಲ್ಲವೇ?” ಎಂದಳು ಅಕ್ಕ.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ತಂದೆ ಮಗಳು ಇಬ್ಬರೂ ತಿದ್ದುಪಡಿಯ ಅರ್ಜಿ ಹಿಡಿದು ವಿಶ್ವವಿದ್ಯಾನಿಲಯದ ಕಛೇರಿಯ ಮುಂದಿದ್ದರು. ನಿಮ್ಮ ಮನೆಯಲ್ಲಿಯೂ ಪದವಿ ಮುಗಿಸಿದ ಮಕ್ಕಳಿದ್ದರೆ, ಇಂದು ರಾತ್ರಿ ಊಟವಾದ ಮೇಲೆ ಅವರ ಕಡತವನ್ನು ಒಮ್ಮೆ ಬಿಚ್ಚಿ ನೋಡಿ.