ನಿವೃತ್ತ ಯುದ್ಧನೌಕೆಯನ್ನು ಮ್ಯೂಸಿಯಂ ಮಾಡುವುದು ಅಷ್ಟು ಸುಲಭವೇ?

ದೇಶಕ್ಕಾಗಿ ಹೋರಾಡಿದ ಯುದ್ಧನೌಕೆಯೊಂದು ಗುಜರಿಗೆ ಹೋಯಿತು ಎಂಬ ಸುದ್ದಿ ಬಂದಾಗಲೆಲ್ಲ ಒಂದು ಪ್ರಶ್ನೆ ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತದೆ: ‘ದಡದಲ್ಲಿ ನಿಲ್ಲಿಸಿ ಮ್ಯೂಸಿಯಂ ಮಾಡಬಹುದಿತ್ತಲ್ಲ?’ ಐಎನ್‌ಎಸ್ ವಿಕ್ರಾಂತ್ ವಿಷಯದಲ್ಲೂ ಹೀಗೆ ಕೇಳಿದವರು ಬಹಳ. ಆದರೆ ವಿಕ್ರಾಂತ್ ಹನ್ನೊಂದು ವರ್ಷ ಮ್ಯೂಸಿಯಂ ಆಗಿಯೇ ಇತ್ತು ಎಂಬುದು ಅನೇಕರಿಗೆ ಗೊತ್ತಿಲ್ಲ.

ವಿಕ್ರಾಂತ್, ವಿರಾಟ್‌ಗೆ ಏನಾಯಿತು?

1961ರಲ್ಲಿ ಸೇವೆಗೆ ಸೇರಿ, 1971ರ ಯುದ್ಧದಲ್ಲಿ ಭಾಗವಹಿಸಿದ ವಿಮಾನವಾಹಕ ನೌಕೆ ವಿಕ್ರಾಂತ್ ನಿವೃತ್ತವಾದದ್ದು 1997ರ ಜನವರಿಯಲ್ಲಿ. 2001ರಿಂದ ಮುಂಬೈನಲ್ಲಿ ಜನ ಅದನ್ನು ಹತ್ತಿ ನೋಡಿದರು. ಸುರಕ್ಷಿತವಲ್ಲ ಎಂಬ ಕಾರಣಕ್ಕೆ 2012ರಲ್ಲಿ ಮ್ಯೂಸಿಯಂ ಮುಚ್ಚಿತು. ಆಮೇಲೆ ಹಡಗು ಸುಮಾರು 60 ಕೋಟಿ ರೂಪಾಯಿಗೆ ಹರಾಜಾಯಿತು. ಒಡೆಯಬಾರದೆಂದು ಕೋರಿ ಸಲ್ಲಿಸಿದ ಅರ್ಜಿಯೂ 2014ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ನಿಲ್ಲಲಿಲ್ಲ.

2017ರಲ್ಲಿ ನಿವೃತ್ತವಾದ ವಿರಾಟ್‌ಗೆ ಮ್ಯೂಸಿಯಂ ಆಗುವ ಅವಕಾಶವೇ ಸಿಗಲಿಲ್ಲ. ಅದನ್ನು ಸಿಂಧುದುರ್ಗ ಜಿಲ್ಲೆಯ ನಿವತಿ ಬಳಿ ನಿಲ್ಲಿಸುವ 852 ಕೋಟಿ ರೂಪಾಯಿಯ ಯೋಜನೆಗೆ ಮಹಾರಾಷ್ಟ್ರ ಸಂಪುಟ 2018ರಲ್ಲಿ ಒಪ್ಪಿಗೆ ಕೊಟ್ಟಿತ್ತು. ಯೋಜನೆ ಕಾಗದದಲ್ಲೇ ಉಳಿಯಿತು. 2020ರಲ್ಲಿ ಹಡಗು ಗುಜರಾತಿನ ಅಲಂಗ್‌ನ ಒಡೆಯುವ ದಡ ಸೇರಿತು.

ನಿಂತ ಹಡಗು ಏಕೆ ಹಾಳಾಗುತ್ತದೆ?

ಸುಮ್ಮನೆ ನಿಂತ ಹಡಗಿಗೆ ಖರ್ಚೇನು ಎಂದು ನಮಗೆ ಅನ್ನಿಸಬಹುದು. ಆದರೆ ಉಪ್ಪುನೀರು ಮತ್ತು ಗಾಳಿ ಸೇರಿ ಉಕ್ಕನ್ನು ಬಿಡದೆ ತಿನ್ನುತ್ತವೆ. ನೀರಿನೊಳಗಿನ ಭಾಗ ತೆಳ್ಳಗಾಗುತ್ತಾ ಬಂದು ಒಂದು ದಿನ ತೂತು ಬೀಳುತ್ತದೆ. ಮೇಲಿನಿಂದ ಬಣ್ಣ ಬಳಿದರೆ ಇದು ನಿಲ್ಲುವುದಿಲ್ಲ. ಕೆಲವು ವರ್ಷಗಳಿಗೊಮ್ಮೆ ಹಡಗನ್ನು ಡ್ರೈ ಡಾಕ್‌ಗೆ, ಅಂದರೆ ನೀರು ಖಾಲಿ ಮಾಡಿ ಹಡಗಿನ ತಳ ರಿಪೇರಿ ಮಾಡುವ ಕಟ್ಟೆಗೆ, ಒಯ್ಯಲೇಬೇಕು. ಸೇವೆಯಲ್ಲಿರುವ ಹಡಗು ತಾನೇ ಅಲ್ಲಿಗೆ ಹೋಗುತ್ತದೆ. ಎಂಜಿನ್ ನಿಲ್ಲಿಸಿದ ಮ್ಯೂಸಿಯಂ ಹಡಗನ್ನು ಎಳೆದೊಯ್ಯಬೇಕು. ದಾರಿಯಲ್ಲಿ ಮುಳುಗದಷ್ಟು ಗಟ್ಟಿಯಾಗಿಯೂ ಅದು ಇರಬೇಕು.

ಅಮೆರಿಕದವರಿಗೆ ಇದು ಸುಲಭವಾಯಿತೇ?

ಇಲ್ಲ. ಎರಡೂ ಮಹಾಯುದ್ಧಗಳನ್ನು ಕಂಡ ‘ಟೆಕ್ಸಾಸ್’ ಯುದ್ಧನೌಕೆ 1948ರಲ್ಲಿ ಹ್ಯೂಸ್ಟನ್ ಬಳಿಯ ಸ್ಯಾನ್ ಜಸಿಂಟೊದಲ್ಲಿ ಮ್ಯೂಸಿಯಂ ಆಯಿತು. 1990ರಲ್ಲಿ ದೊಡ್ಡ ರಿಪೇರಿ ಮುಗಿದ ಮೇಲೆ ಮೂರು ದಶಕ ಡ್ರೈ ಡಾಕ್ ಕಾಣಲಿಲ್ಲ. ಮತ್ತೆ ಮತ್ತೆ ನೀರು ನುಗ್ಗತೊಡಗಿತು. ಪಂಪ್‌ಗಳು ಹೊರಹಾಕಿದ್ದರಿಂದಲೇ ಅದು ತೇಲುತ್ತಿತ್ತು.

2019ರಲ್ಲಿ ಅಲ್ಲಿನ ರಾಜ್ಯ ಸರ್ಕಾರ ರಿಪೇರಿಗೆ 3.5 ಕೋಟಿ ಡಾಲರ್ ಕೊಟ್ಟಿತು. ಆದರೆ ಮುಂದೆ ಹಡಗು ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕಿತ್ತು. ಹಳೆಯ ಜಾಗಕ್ಕೆ ಅಷ್ಟು ಜನ ಬರುತ್ತಿರಲಿಲ್ಲ. 2022ರ ಆಗಸ್ಟ್‌ನಲ್ಲಿ ಅದನ್ನು ಗ್ಯಾಲ್ವೆಸ್ಟನ್‌ನ ಡಾಕ್‌ಗೆ ಎಳೆದೊಯ್ದಾಗ, ರಿಪೇರಿ ಮುಗಿದ ಮೇಲೆ ಎಲ್ಲಿ ನಿಲ್ಲಿಸಬೇಕೆಂಬುದೇ ನಿರ್ಧಾರವಾಗಿರಲಿಲ್ಲ! ಆಳ ಸಾಕಷ್ಟಿರಬೇಕು, ಬಿರುಗಾಳಿಗೆ ಹಡಗು ಅಲುಗಬಾರದು, ಬಂದರಿನ ಉಳಿದ ವ್ಯಾಪಾರಕ್ಕೆ ಅಡ್ಡಿಯಾಗಬಾರದು, ಪ್ರವಾಸಿಗರು ಸುಲಭವಾಗಿ ಬರುವಂತಿರಬೇಕು. ಇವೆಲ್ಲ ಒಂದೇ ಕಡೆ ಸಿಗುವ ಜಾಗಗಳು ಕಡಿಮೆ.

ನೆಲಕ್ಕೆ ತಂದರೆ ಆಗದೇ?

ಚಿಕ್ಕ ನೌಕೆಗಳಿಗೆ ಇದೇ ಒಳ್ಳೆಯ ದಾರಿ. ನಮ್ಮ ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿರುವ ಕ್ಷಿಪಣಿ ನೌಕೆ ಚಪಲ್, ವಿಶಾಖಪಟ್ಟಣದ ಜಲಾಂತರ್ಗಾಮಿ ಕುರ್ಸುರಾ ಎರಡೂ ನೆಲದ ಮೇಲೆಯೇ ಇವೆ. ಉಪ್ಪುಗಾಳಿಯ ಕಾಟ ತಪ್ಪುವುದಿಲ್ಲ. ಆದರೆ ಮುಳುಗುವ ಭಯವಿಲ್ಲ, ತುಕ್ಕು ಎಲ್ಲಿ ಹಿಡಿದಿದೆಯೆಂದು ಕಣ್ಣಿಗೆ ಕಾಣುತ್ತದೆ. ಜಪಾನಿನ ಯೊಕೊಸುಕಾದಲ್ಲಿ ‘ಮಿಕಾಸಾ’ ಎಂಬ ದೊಡ್ಡ ಯುದ್ಧನೌಕೆಯನ್ನೇ ದಡದಲ್ಲಿ ಹೂತು ನಿಲ್ಲಿಸಿದ್ದಾರೆ. ಆದರೆ ಚಪಲ್‌ನ ತೂಕ ಕೆಲವು ನೂರು ಟನ್, ವಿರಾಟ್‌ನದು 28 ಸಾವಿರ ಟನ್ನಿಗೂ ಹೆಚ್ಚು. ಅಷ್ಟು ಭಾರ ಹೊರುವ ನೆಲೆಯನ್ನು ಮೊದಲು ಕಟ್ಟಬೇಕು.

ಒಟ್ಟಿನಲ್ಲಿ ಹೇಳುವುದಾದರೆ

ನಮಗೆ ಕಂಡಂತೆ ಹಡಗನ್ನು ಉಳಿಸುವುದು ಅಭಿಮಾನವೊಂದೇ ಅಲ್ಲ, ಜಾಗ ಮತ್ತು ಪ್ರತಿವರ್ಷದ ಹಣ. ಗುಜರಿಯವರು ಬಂದ ಮೇಲೆ ಹುಡುಕಿದರೆ ಅವೆರಡೂ ಸಿಗುವುದಿಲ್ಲ. ಹಡಗು ನಿವೃತ್ತಿಯಾಗುವ ಮೊದಲೇ ಅವು ಸಿದ್ಧವಿರಬೇಕು. ಆದ್ದರಿಂದ ಮುಂದಿನ ಸಲ ‘ಹಡಗನ್ನು ಉಳಿಸಿ’ ಎಂಬ ಸಂದೇಶ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಇನ್ನೊಂದು ಸಾಲು ಸೇರಿಸಿ: ಎಲ್ಲಿ ನಿಲ್ಲಿಸೋಣ, ಇಪ್ಪತ್ತು ವರ್ಷಗಳ ನಂತರ ಅದರ ತಳ ರಿಪೇರಿ ಮಾಡಿಸುವವರು ಯಾರು? ಕಾರವಾರದ ಕಡೆ ಹೋದಾಗ ಟಿಕೆಟ್ ತೆಗೆದುಕೊಂಡು ಚಪಲ್ ಹತ್ತಿ ಬನ್ನಿ. ಹಡಗು ಉಳಿಯುವುದು ಹಾಗೆ.